ಸಮಾರಂಭ ನಿರಂತರವಾಗಿದೆ, ಮಾನ್ಯರೇ

ಮುಕ್ತ ಕಲಿಕಾ ಪ್ರವೇಶ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಮಂಡಳಿ ನನ್ನ ತಂಗಿಯನ್ನು ನಕಲು ಹೊಡೆದವಳು ಎಂದು ತೀರ್ಮಾನಿಸಿದೆ. ನೇರವಾಗಿ ಹಾಗೆ ಬರೆದಿಲ್ಲ. 'ಅಕ್ರಮದ ಬಲವಾದ ಶಂಕೆ' ಎಂದು ಚೆನ್ನಾಗಿ ಇಸ್ತ್ರಿ ಮಾಡಿದ ಮಾತಿನಲ್ಲಿ ಬರೆದಿದೆ. ಅದೇ ಕಾಗದದಲ್ಲಿ ಎಂಜಿನಿಯರಿಂಗ್ ಪದವಿಯ ಸಂಜೆ ತರಗತಿಗೆ ಅವಳು ಮೂರು ವರ್ಷ ಅರ್ಜಿ ಹಾಕುವಂತಿಲ್ಲ ಎಂದೂ ಇದೆ. ಆ ತರಗತಿಗೆ ಸೇರುವವರಿಗೆ ಮೂವತ್ತು ತುಂಬಿರಬಾರದು ಎಂಬುದು ನಿಮ್ಮದೇ ನಿಯಮ. ಅವಳಿಗೆ ಬರುವ ತಿಂಗಳ ಒಂಬತ್ತಕ್ಕೆ ಮೂವತ್ತು ತುಂಬುತ್ತದೆ. ಮೂರು ವರ್ಷ ಎಂದದ್ದು ನಿಮ್ಮ ದಾಕ್ಷಿಣ್ಯ ಇರಬೇಕು. ಕೂಡಿ ಕಳೆದು ನೋಡಿದರೆ ಅದು ಜನ್ಮಪೂರ್ತಿ ಎಂದಾಗುತ್ತದೆ.

ನಾನು ಯಾರು ಎಂದು ಕೇಳುತ್ತೀರಿ. ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ವಾರ್ಡುಗಳ ಹಾಸಿಗೆ ಬಟ್ಟೆ ಒಗೆಯುವವಳು. ಹನ್ನೊಂದು ವರ್ಷದಿಂದ ಅಲ್ಲಿನ ರಿಜಿಸ್ಟರನ್ನೂ ನಾನೇ ಬರೆಯುತ್ತೇನೆ. ಸುತ್ತೋಲೆಗಳನ್ನು ಓದಿ ಓದಿ 'ಮೇಲ್ಕಂಡ', 'ತತ್ಸಂಬಂಧ', 'ಅಗತ್ಯ ಕ್ರಮಕ್ಕಾಗಿ' ಎಲ್ಲ ನನಗೂ ಬಾಯಿಪಾಠವಾಗಿದೆ. ಆದ್ದರಿಂದ ಈ ಪತ್ರವನ್ನೂ ಯಾರೋ ಬರೆದುಕೊಟ್ಟಿರಬೇಕು ಎಂದು ದಯವಿಟ್ಟು ಶಂಕಿಸಬೇಡಿ. ನಮ್ಮ ಮನೆಗೆ ಒಂದು ಶಂಕೆ ಸಾಕು.

ತಂಗಿಯೂ ಅಲ್ಲೇ ಕೆಲಸ ಮಾಡುತ್ತಾಳೆ. ಹತ್ತನೇ ತರಗತಿ ಮುಗಿಸಿದ್ದಳು, ಅಷ್ಟಕ್ಕೇ ದುಡಿಮೆಗೆ ಬಂದಳು. ಅವಳು ಮತ್ತೆ ಓದು ಹಿಡಿದದ್ದಕ್ಕೆ ಕಾರಣ ನನ್ನ ಎಡಗೈ. ನಾಲ್ಕು ವರ್ಷದ ಹಿಂದೆ ಬಟ್ಟೆ ಒಗೆಯುವ ಬಿಸಿನೀರಿನ ಡ್ರಮ್ಮಿನ ಶಾಖಮಾಪಕ ಕೆಟ್ಟಿತ್ತು. ನೀರು ಎಂಬತ್ತೈದು ಡಿಗ್ರಿಗೆ ಕಾಯುತ್ತದೆ. ಐವತ್ತೈದಕ್ಕೆ ಇಳಿದ ಮೇಲೆ ಮುಚ್ಚಳ ತೆಗೆಯಬಹುದು ಎಂದು ಯಂತ್ರದ ಮೇಲೆ ಬರೆದಿದೆ. ಮಾಪಕ ರಿಪೇರಿ ಮಾಡಿಸುವ ಬದಲು ಮೇಲಿನವರು ಬಾಯಿಮಾತಿನ ಆಜ್ಞೆ ಹೊರಡಿಸಿದರು: ಅರ್ಧ ಗಂಟೆ ಕಾಯಿರಿ. ಅರ್ಧ ಗಂಟೆ ಏಕೆ? ಅದು ನೆನಪಿಟ್ಟುಕೊಳ್ಳಲು ಸುಲಭ, ಅದಕ್ಕೆ. ಒಂದು ದಿನ ಶಸ್ತ್ರಚಿಕಿತ್ಸೆಯ ವಾರ್ಡಿನವರು ಬಟ್ಟೆ ಬೇಕೆಂದು ಬಾಗಿಲಲ್ಲೇ ನಿಂತರು. ನಾನು ಹತ್ತು ನಿಮಿಷಕ್ಕೇ ಮುಚ್ಚಳ ಎತ್ತಿದೆ. ಗಾಯವಾದದ್ದೂ ಆಸ್ಪತ್ರೆಯಲ್ಲೇ ಎಂಬುದೊಂದೇ ಅನುಕೂಲ.

ತಂಗಿ ಪಕ್ಕದಲ್ಲಿ ಕೂತಿದ್ದಳು. ಅಳಲಿಲ್ಲ. ಬ್ಯಾಂಡೇಜನ್ನೇ ನೋಡುತ್ತಾ, "ಅಕ್ಕ, ಇನ್ನು ಎಷ್ಟು ನಿಮಿಷ ಕಾದಿದ್ರೆ ಸುಡ್ತಿರ್ಲಿಲ್ಲ?" ಎಂದಳು.

"ಸುಟ್ಟ ಮೇಲೆ ಎಷ್ಟಾದ್ರೇನೇ?" ಎಂದು ರೇಗಿದೆ.

"ಅಲ್ಲ, ಅದಕ್ಕೊಂದು ಲೆಕ್ಕ ಇರ್ಬೇಕಲ್ವಾ?"

ಲೆಕ್ಕ ಇತ್ತು. ಅದು ಕಾಲೇಜಿನಲ್ಲಿತ್ತು, ನಾವು ನೆಲಮಾಳಿಗೆಯಲ್ಲಿದ್ದೆವು. ಆಗಲೇ ಹೊರರೋಗಿಗಳ ಕಾಯುವ ಜಾಗದಲ್ಲಿ ನಿಮ್ಮ ಭಿತ್ತಿಪತ್ರ ಕಂಡದ್ದು: 'ಉಚಿತ ಆನ್‌ಲೈನ್ ಪಾಠಗಳು. ಮನೆಯಲ್ಲೇ ಕಲಿಯಿರಿ, ಪರೀಕ್ಷೆ ಬರೆಯಿರಿ, ಪದವಿಗೆ ಸೇರಿರಿ. ಬಾಗಿಲು ಎಲ್ಲರಿಗೂ ತೆರೆದಿದೆ.' ಕೆಳಗೆ ನಿಮ್ಮ ಮಂಡಳಿಯ ಮುದ್ರೆ ಇತ್ತು. ನಾವು ನಂಬಿದೆವು.

ಆಸ್ಪತ್ರೆಯ ವೈಫೈ ನೆಲಮಾಳಿಗೆಯ ಕಿಟಕಿಯವರೆಗೆ ಬರುತ್ತದೆ, ನಮ್ಮ ಮನೆಯವರೆಗೆ ಬರುವುದಿಲ್ಲ. ಹಾಗಾಗಿ ಅವಳು ಪಾಠ ನೋಡಿದ್ದೆಲ್ಲ ಕೆಲಸದಲ್ಲೇ. ಡ್ರಮ್ಮು ನಲವತ್ತು ನಿಮಿಷ ತಿರುಗುವಾಗ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಆ ಸದ್ದಿನಲ್ಲಿ ಪಕ್ಕದವರು ಕಿರುಚಿದರೂ ಕೇಳಿಸದು. ಯಂತ್ರದ ಬಳಿ ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬಾರದು ಎಂಬ ನಿಯಮ ಬೇರೆ. ಹೀಗೆ ನಾಲ್ಕು ವರ್ಷ ಅವಳು ಗಣಿತವನ್ನೂ ಭೌತಶಾಸ್ತ್ರವನ್ನೂ ಕಣ್ಣಿನಿಂದ ಮಾತ್ರ ಕಲಿತಳು. ಮೇಷ್ಟ್ರ ಕೈ ಕಂಡಳು, ಅವರ ಬೋರ್ಡು ಕಂಡಳು. ಅವರ ದನಿ ಹೇಗಿದೆಯೆಂದು ಅವಳಿಗೆ ಇವತ್ತಿಗೂ ತಿಳಿಯದು.

ಇನ್ನು ನನ್ನ ತಪ್ಪೊಪ್ಪಿಗೆ. ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು, ಅವಳಿಗೆ ಅಷ್ಟು ವೇಗ ಎಟುಕುತ್ತಿರಲಿಲ್ಲ. ಮೂಲೆಯಲ್ಲಿದ್ದ ಚಕ್ರದ ಗುರುತು ಒತ್ತಿ 'ಕನ್ನಡ' ಎಂದು ಆರಿಸಿಕೊಟ್ಟವಳು ನಾನು. "ತಗೋ, ನಿನ್ನ ಭಾಷೇಲೇ ಬರತ್ತೆ" ಎಂದೆ. ಬಂತು. ಯಂತ್ರವೊಂದು ತಾನೇ ಅನುವಾದಿಸಿದ ಕನ್ನಡ ಅದು ಎಂದು ನನಗೆ ತಿಳಿದದ್ದು ಈಚೆಗೆ. ಫಂಕ್ಷನ್ ಎಂಬುದು ಅದರಲ್ಲಿ 'ಸಮಾರಂಭ' ಆಗಿತ್ತು. ಎಕ್ಸ್‌ನ ಪವರ್, ಅಂದರೆ ಘಾತ, ಎರಡು ಎಂಬುದು 'ಎಕ್ಸ್‌ನ ಅಧಿಕಾರ ಎರಡು' ಆಗಿತ್ತು. ಸಮೀಕರಣದ ಸೊಲ್ಯೂಷನ್, ಅಂದರೆ ಪರಿಹಾರ, 'ಸಮೀಕರಣದ ದ್ರಾವಣ' ಆಗಿತ್ತು. ಮೀನ್ ವ್ಯಾಲ್ಯೂ ಎನ್ನುವ ಮಧ್ಯಮ ಮೌಲ್ಯದ ಪ್ರಮೇಯವನ್ನು ಅದು 'ನೀಚ ಬೆಲೆಯ ಪ್ರಮೇಯ' ಎಂದು ಕರೆದಿತ್ತು. ಪಾಪ, ಆ ಪ್ರಮೇಯ ಯಾರಿಗೇನು ಕೇಡು ಮಾಡಿತ್ತೋ. ತಂಗಿಗೆ ಅನುಮಾನ ಬರಲಿಲ್ಲವೇ ಎನ್ನುತ್ತೀರಿ. ಹೊಸ ಶಾಸ್ತ್ರ, ಹೊಸ ಪದ. ಬೋರ್ಡಿನ ಮೇಲಿನ ಗುರುತು ಸರಿಯಾಗಿ ಅರ್ಥವಾಗುತ್ತಿರುವಾಗ ಹೆಸರಿನ ಬಗ್ಗೆ ಜಗಳವಾಡುವವರು ಯಾರು? "ಒಂದು ಸಂಖ್ಯೆ ಕೊಟ್ರೆ ಇನ್ನೊಂದು ಸಂಖ್ಯೆ ವಾಪಸ್ ಕೊಡತ್ತೆ ಅಕ್ಕ, ಮದುವೆಮನೇಲಿ ಕೊಟ್ಟು ತಗೊಳ್ಳೋ ಹಾಗೆ. ಅದಕ್ಕೇ ಸಮಾರಂಭ" ಎಂದು ಅವಳೇ ಒಂದು ಕಾರಣ ಹುಡುಕಿಕೊಂಡಿದ್ದಳು.

ಕಲಿತಳೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಸಾಕ್ಷಿ ಇದೆ. ಮೂರನೇ ವರ್ಷ ಒಂದು ದಿನ ನರ್ಸಮ್ಮನ ಹತ್ತಿರ ಬಿಸಿನೀರು ಅಳೆಯುವ ಥರ್ಮಾಮೀಟರು ಕೇಳಿ ತಂದಳು. ಡ್ರಮ್ಮಿನ ಪಕ್ಕದ ನಲ್ಲಿಯಿಂದ ಮಗ್ಗಿಗೆ ನೀರು ಹಿಡಿದು ಅಳೆದಳು: ಎಂಬತ್ತೈದು. ಐದು ನಿಮಿಷ ಬಿಟ್ಟು ಮತ್ತೆ ನಲ್ಲಿಯಿಂದ ಹಿಡಿದು ಅಳೆದಳು: ಎಪ್ಪತ್ತನಾಲ್ಕು. ಕೋಣೆಯ ಶಾಖ ಮೂವತ್ತು. ವಾರ್ಡಿನ ಚೀಟಿಯ ಹಿಂಬದಿಯಲ್ಲಿ ಏನೇನೋ ಗೀಚಿ, "ಹದಿನೆಂಟು ನಿಮಿಷಕ್ಕೆ ಐವತ್ತೈದಾಗತ್ತೆ" ಎಂದಳು. ನಾನು ನಂಬಲಿಲ್ಲ. ಗೋಡೆಯ ಗಡಿಯಾರದಲ್ಲಿ ಹದಿನೆಂಟಾದಾಗ ನಾನೇ ನೀರು ಹಿಡಿದು ಅಳೆದೆ. ಐವತ್ತೈದು. ಸುಟ್ಟ ಕೈಯಲ್ಲೇ ಮುಚ್ಚಳ ಎತ್ತಿದೆ. ಅವತ್ತಿನಿಂದ ನಮ್ಮ ನೆಲಮಾಳಿಗೆ ಹದಿನೆಂಟು ನಿಮಿಷಕ್ಕೆ ನಡೆಯಿತು. ಅರ್ಧ ಗಂಟೆಯ ಆಜ್ಞೆ ಮೇಲಿನವರ ಬಾಯಲ್ಲೇ ಉಳಿಯಿತು.

ಲಿಖಿತ ಪರೀಕ್ಷೆಯ ಪ್ರಶ್ನೆಗಳು ಅಂಕಿ, ಗುರುತುಗಳಲ್ಲೇ ಇದ್ದವು; ಅವಳಿಗೆ ನೂರಕ್ಕೆ ತೊಂಬತ್ತೊಂದು ಬಂತು. ನಿಮ್ಮದೇ ಸಭಾಂಗಣ, ನಿಮ್ಮದೇ ಪೆನ್ನು, ಇಬ್ಬರು ಮೇಲ್ವಿಚಾರಕರು, ನೆತ್ತಿಯ ಮೇಲೊಂದು ಕ್ಯಾಮೆರಾ. ಮೊದಲ ಸಾಲಿನಲ್ಲಿ ಕೂತಿದ್ದಳು, ಪಕ್ಕದ ಕುರ್ಚಿ ಖಾಲಿ ಇತ್ತು. ಅವಳು ನಕಲು ಮಾಡಿದ್ದೇ ಹೌದಾದರೆ ಕುರ್ಚಿಯನ್ನು ನೋಡಿ ಮಾಡಿರಬೇಕು.

ಆಮೇಲೆ ಮೌಖಿಕ ಪರೀಕ್ಷೆ. ನಾನು ಹೊರಗೆ ಬೆಂಚಿನ ಮೇಲಿದ್ದೆ. ಸೆಖೆಗೆಂದು ಬಾಗಿಲು ತೆರೆದೇ ಇಟ್ಟಿದ್ದರು, ಎಲ್ಲವೂ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು. ಮೂವರು ಸದಸ್ಯರಲ್ಲಿ ಒಬ್ಬರು ಕಾಗದದ ಮೇಲೆ ಒಂದು ಗೆರೆ ಎಳೆದು ತೋರಿಸಿ, "ಇದರ ಬಗ್ಗೆ ಏನು ಹೇಳ್ತೀಯಮ್ಮ?" ಎಂದರು.

ತಂಗಿ, "ಸಮಾರಂಭ ನಿರಂತರವಾಗಿದೆ ಸಾರ್. ಆದ್ರೆ ಸೊನ್ನೆ ಹತ್ರ ಚೂಪಾಗಿದೆ, ಅಲ್ಲಿ ಇಳಿಜಾರು ಇಷ್ಟು ಅಂತ ಹೇಳಕ್ಕಾಗಲ್ಲ" ಎಂದಳು.

ಗೆರೆ ಎಳೆದವರು ಪೆನ್ನು ಕೆಳಗಿಟ್ಟು ಕೇಳಿದರು, "ಯಾರ ಸಮಾರಂಭಾನಮ್ಮ? ಊಟ ಇದ್ಯಾ?"

ಮೂವರೂ ನಕ್ಕರು. ಬಾಗಿಲ ಬಳಿಯ ಜವಾನನೂ ನಕ್ಕ. ನನಗೆ ಗಣಿತ ಬರುವುದಿಲ್ಲ, ಆದರೆ ನಗುವಿನಲ್ಲಿ ಎಷ್ಟು ಬಗೆ ಎಂದು ಚೆನ್ನಾಗಿ ಗೊತ್ತು. ಎದ್ದು ಒಳಗೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಅಭ್ಯರ್ಥಿಗೆ ಕೆಡುಕಾದೀತು ಎಂದು ಹೆದರಿ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಒಳಗೆ ಇನ್ನೊಬ್ಬರು ಕೇಳುತ್ತಿದ್ದರು: "ಫಂಕ್ಷನ್ ಅನ್ನೋದೂ ಗೊತ್ತಿಲ್ಲ. ನಿಜ ಹೇಳು, ಬರೆದುಕೊಟ್ಟಿದ್ದು ಯಾರು?" ಫಂಕ್ಷನ್ ಎಂಬ ಪದವನ್ನು ತಂಗಿ ಈ ಅರ್ಥದಲ್ಲಿ ಕೇಳಿದ್ದು ಅದೇ ಮೊದಲು.

ಅವಳ ಉತ್ತರ ಸರಿಯಿತ್ತೇ, ತಪ್ಪಿತ್ತೇ? ಇಷ್ಟು ಮಾತ್ರ ಹೇಳಿ ಮಾನ್ಯರೇ. ಆ ಗೆರೆಯನ್ನು ತಂಗಿಯಿಂದ ಮತ್ತೆ ಎಳೆಸಿ, ಗಣಿತ ಕಲಿಸುವ ಒಬ್ಬ ಕಾಲೇಜು ಮೇಡಂಗೆ ತೋರಿಸಿದೆ. ಅವರ ತಾಯಿ ನಮ್ಮ ಆಸ್ಪತ್ರೆಯಲ್ಲಿದ್ದರು. "ಸಮಾರಂಭ ಅನ್ನೋದು ಬಿಟ್ರೆ ಪೂರ್ತಿ ಸರಿ" ಎಂದರು. ನಾನು ಆ ಪದದ ಬೆನ್ನು ಹತ್ತಿ ಎಲ್ಲ ಪಾಠಗಳನ್ನೂ ಮೊದಲಿನಿಂದ ತೆರೆದು ನೋಡಿದೆ. ಹದಿನಾಲ್ಕನೇ ಪಾಠ, ಆರನೇ ನಿಮಿಷ: 'ಸಮಾರಂಭವು ನಿರಂತರವಾಗಿರಲಿ ಎಂದು ಭಾವಿಸೋಣ.' ಅದರ ಬಲ ಮೂಲೆಯಲ್ಲಿ ಮಿನುಗುತ್ತಿದ್ದದ್ದು ಯಾರ ಮುದ್ರೆ ಗೊತ್ತೇ? ನಿಮ್ಮದು. ಆ ಪಾಠಗಳು ನಿಮ್ಮವು, ಆ ಕನ್ನಡವೂ ನಿಮ್ಮ ಯಂತ್ರದ್ದು. ನೀವು ಕಲಿಸಿದ ಮಾತನ್ನು ಅವಳು ನಿಮಗೇ ಒಪ್ಪಿಸಿದಳು, ಅದಕ್ಕೆ ನೀವು ನಕ್ಕಿರಿ, ಆಮೇಲೆ ಶಿಕ್ಷೆ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕೇಳಿದ್ದೆ. ಬರೆಯ ಉರಿ ಹೇಗಿರುತ್ತದೆ ಎಂದು ನನ್ನ ಕೈಗೆ ಗೊತ್ತು.

ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತರು ತಲೆ ಎತ್ತದೆ, "ಮೇಲ್ಮನವಿ ಆನ್‌ಲೈನಲ್ಲಿ ಹಾಕಿ ಅಕ್ಕ, ಇಲ್ಲಿ ತಗೊಳಲ್ಲ" ಎಂದರು. ಹಾಕಿದೆ. ಮರುಕ್ಷಣವೇ ನಿಮ್ಮ ಉತ್ತರ ಬಂತು, ಅಚ್ಚ ಕನ್ನಡದಲ್ಲಿ: 'ನಿಮ್ಮ ದೂರಿಗೆ ಮೂವತ್ತು ದಿನಗಳಲ್ಲಿ ದ್ರಾವಣ ಒದಗಿಸಲಾಗುವುದು.' ಮಾನ್ಯರೇ, ನಮಗೆ ದ್ರಾವಣದ ಕೊರತೆಯಿಲ್ಲ. ನೆಲಮಾಳಿಗೆಯಲ್ಲಿ ಬ್ಲೀಚಿನ ಹದಿನಾಲ್ಕು ಕ್ಯಾನುಗಳಿವೆ. ಆ ಉತ್ತರವನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಪರಿಭಾಷೆ ತಿಳಿಯದವರಿಗೆ ಮೂರು ವರ್ಷದ ನಿಷೇಧ ಎನ್ನುವುದಾದರೆ ನಿಮ್ಮ ಮಂಡಳಿ ಎಷ್ಟು ವರ್ಷ ಬಾಗಿಲು ಮುಚ್ಚಬೇಕು?

ಇಷ್ಟೆಲ್ಲ ವ್ಯಂಗ್ಯವಾಡಿದರೂ ನನ್ನ ಸಂಕಟ ಇಳಿದಿಲ್ಲ. ಕಾರಣ ಹೇಳುತ್ತೇನೆ. ಮೊನ್ನೆ ಬೆಳಗಿನ ಪಾಳಿಯಲ್ಲಿ ತಂಗಿ ಡ್ರಮ್ಮಿನ ಮುಂದೆ ನಿಂತಿದ್ದಳು. ಫೋನು ಚೀಲದಲ್ಲಿತ್ತು, ಎರಡು ತಿಂಗಳಿಂದ ಅದು ಅಲ್ಲೇ ಇದೆ. ಗಡಿಯಾರದಲ್ಲಿ ಹದಿನೆಂಟು ನಿಮಿಷ ದಾಟಿತು. ಅವಳು ಮುಚ್ಚಳ ಮುಟ್ಟಲಿಲ್ಲ.

"ಹದಿನೆಂಟಾಯ್ತಲ್ಲೇ, ತೆಗಿ" ಎಂದೆ.

"ಬೇಡ ಅಕ್ಕ. ಅರ್ಧ ಗಂಟೆ ಆಗ್ಲಿ."

"ನೀನೇ ಲೆಕ್ಕ ಹಾಕಿದ್ದಲ್ವಾ?"

"ನಂಗೇನು ಗೊತ್ತು ಅಕ್ಕ" ಎಂದಳು.

ಉಳಿದ ಹನ್ನೆರಡು ನಿಮಿಷ ನಾವಿಬ್ಬರೂ ಹಾಗೇ ನಿಂತಿದ್ದೆವು. ನನ್ನ ಕೈ ಸುಟ್ಟಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಅವಳ ಸೀಟು ಕಿತ್ತುಕೊಂಡಿರಿ, ಅದು ನಿಮ್ಮ ಕೈಯಲ್ಲಿತ್ತು. ಅವಳು ತಾನೇ ಕಂಡುಕೊಂಡ ಹದಿನೆಂಟನ್ನೂ ಕಿತ್ತುಕೊಳ್ಳಲು ನಿಮಗೆ ಯಾವ ನಿಯಮದಲ್ಲಿ ಅವಕಾಶವಿದೆ?

ನಾನು ಕೇಳುವುದು ದೊಡ್ಡದೇನಲ್ಲ. ಒಂಬತ್ತನೇ ತಾರೀಖಿಗೆ ಮೊದಲು ಅವಳನ್ನು ಮತ್ತೊಮ್ಮೆ ಕರೆಯಿರಿ. ಅದೇ ಮೂವರು ಕೂರಲಿ. ಅವಳ ಕೈಗೆ ಒಂದು ಸೀಮೆಸುಣ್ಣ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿ, ಏನು ಬೇಕಾದರೂ ಕೇಳಿ. ಅವಳು ಬಾಯಿ ತೆರೆಯದೆ ಬರೆದು ತೋರಿಸುತ್ತಾಳೆ. ತಪ್ಪಾದರೆ ನಾನೇ ಕೈಹಿಡಿದು ಮನೆಗೆ ಕರೆದುಕೊಂಡು ಹೋಗುತ್ತೇನೆ. ಸರಿಯಾದರೆ 'ಅಕ್ರಮ' ಎಂಬ ಪದವನ್ನು ಅವಳ ಎದುರಿಗೇ ಹೊಡೆದುಹಾಕಿ, "ಹದಿನೆಂಟು ಸರಿಯಾಗಿತ್ತಮ್ಮ" ಎಂದು ಒಂದು ಮಾತು ಹೇಳಿ. ನಾನು ಹೇಳಿದರೆ ಅವಳು ಈಗ ನಂಬುತ್ತಿಲ್ಲ. ಹದಿನಾಲ್ಕನೇ ಪಾಠವನ್ನು ಆಮೇಲೆ ನಿಧಾನವಾಗಿ ತಿದ್ದಿಕೊಳ್ಳಿ; ಇನ್ನೂ ಎಷ್ಟು ಜನ ಸದ್ದಿಲ್ಲದೆ ಅದನ್ನು ನೋಡುತ್ತಿದ್ದಾರೋ.

ಇಂತಿ,
ನೀವೇ ಭಿತ್ತಿಪತ್ರ ಅಂಟಿಸಿ ಕರೆದ ಸಮಾರಂಭದಿಂದ ನಗೆಪಾಟಲಾಗಿ ಹೊರಬಿದ್ದ ಅಭ್ಯರ್ಥಿಯ ಅಕ್ಕ,
'ಕನ್ನಡ' ಎಂದು ಒತ್ತಿಕೊಟ್ಟವಳು