ಸತ್ತವನ ಅಂಗಿಯ ತೋಳು

ಅಪ್ಪಾ,

ನೀನು ಹೋದಮೇಲೆ ಇವತ್ತೇ ಮೊದಲು ಮನೆಯಲ್ಲಿ ಸಿನಿಮಾ ಹಾಕಿದೆವು. ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಸಂಸಾರದ ಕತೆ ಎಂದು ತಂಗಿ ನಂಬಿಸಿದ್ದಳು. ಒಮ್ಮೆಯೂ ನಗು ಬರಲಿಲ್ಲ. ಸಾಲದ್ದಕ್ಕೆ ನಡುವೆ ಅದರೊಳಗಿನ ಅಪ್ಪ ಸತ್ತೇಬಿಟ್ಟ. ನಾನೂ ತಂಗಿಯೂ ಅಮ್ಮನತ್ತ ತಿರುಗಿದೆವು. ನಾನು ರಿಮೋಟಿಗೆ ತಡಕಾಡುವಷ್ಟರಲ್ಲಿ, ನಿನ್ನ ಹೊಲಿಗೆ ಮಿಷನ್ನಿಗೆ ಒರಗಿ ಕೂತಿದ್ದ ಅಮ್ಮ ಮುಂದಕ್ಕೆ ಬಾಗಿದಳು.

"ಆ ಹೆಣದ ಅಂಗಿ ನೋಡ್ರಪ್ಪಾ! ಒಂದು ತೋಳು ಉದ್ದ, ಒಂದು ಗಿಡ್ಡ. ನಿಮ್ಮಪ್ಪ ಇದ್ದಿದ್ರೆ ಕತ್ತರಿ ಹಿಡ್ಕೊಂಡು ಟಿವಿಯೊಳಗೇ ನುಗ್ತಿದ್ರು," ಎಂದು ಬಿದ್ದು ಬಿದ್ದು ನಕ್ಕಳು.

ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ! ಹೋದ ಜೀವ ಬಂದಂತಾಯಿತು.

ಆಮೇಲೆ ಒಳಗೆ ಹೋಗಿ, ನೀನು ಕೊನೆಯದಾಗಿ ನನಗೆಂದು ಹೊಲಿದಿಟ್ಟ ಅಂಗಿಯ ಮಡಿಕೆ ಬಿಚ್ಚಿ ತೊಟ್ಟೆ. ಅಳತೆ ಕೊಡಲು ನಾನು ಊರಿಗೆ ಬಂದೇ ಇರಲಿಲ್ಲ. ಆದರೂ ಸರಿಯಾಗಿ ಕೂತಿದೆ, ಅಪ್ಪಾ.