ಪರದೆಯಾಚೆಯ ಎರಡು ಸೀಟು

ಯೆರವಡಾ, ಪುಣೆ
೧೬ ಸೆಪ್ಟೆಂಬರ್ ೨೦೦೩

ಪ್ರೀತಿಯ ಬಸೂ,

ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀ? ದೆಹಲಿಯ ನೀರು ಒಗ್ಗಿತೇ? ಹೋಟೆಲಿನ ಎಣ್ಣೆ ಪಲ್ಯ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಉಳಿದಿದ್ದರೆ ನೀನು ಡಬ್ಬಿ ತೆರೆದೇ ಇಲ್ಲ ಎಂದು ತಿಳಿಯುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ರೇಣುವಿನ ಮುಂದಿನ ಹಲ್ಲು ಬಿದ್ದಿವೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಶೈಲಾ ಬ್ಯಾಂಕಿನಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಬಂದವಳೇ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗುತ್ತಾಳೆ. ಕೂಡು ಎಂದರೆ ಕೂಡುವವಳಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನು ಇರುವುದು ನಡುಮನೆಯಲ್ಲಿ, ನಿನ್ನ ಹೆಂಡತಿಯ ಕಿವಿ ಇರುವುದು ಎಲ್ಲ ಕಡೆ. ಅದಕ್ಕೇ ಬರೆಯುತ್ತಿದ್ದೇನೆ. ದೀಪಾವಳಿಗೆ ಬಂದು ನಮ್ಮನ್ನೆಲ್ಲ ಮತ್ತೆ ವಿಮಾನದಲ್ಲಿ ಕರೆದೊಯ್ಯುತ್ತೀಯಂತೆ. ಕಂಪನಿ ಕೊಡುವ ಮುಂದಿನ ಕ್ಲಾಸಿನ ಎರಡು ಸೀಟಿನಲ್ಲಿ ಈ ಸಲ ನೀನು ಮತ್ತು ನಾನು, ಪರದೆಯ ಹಿಂದೆ ಶೈಲಾ ಮತ್ತು ರೇಣು ಎಂದು ಗೊತ್ತುಮಾಡಿದ್ದೀಯಂತೆ. ಇದು ಧಾರವಾಡದ ನಿನ್ನ ದೊಡ್ಡವ್ವನ ಕಿತಾಪತಿ ಎಂದು ನನಗೆ ಗೊತ್ತಿಲ್ಲವೇ? ಹೋದ ಸಲದ ಸುದ್ದಿ ಕೇಳಿದಾಗಿನಿಂದ, “ಮಗಾ ಸೊಸಿ ರಾಜಾ ರಾಣಿ ಹಂಗ ಮುಂದ ಕೂತ್ರಂತ, ಹಡದಾಕಿ ಕೂಸಿನ ಜೋಡಿ ಹಿಂದ” ಎಂದು ಬಳಗಕ್ಕೆಲ್ಲ ಹಂಚಿದ್ದಾಳೆ. ಅದು ನಿನಗೂ ಮುಟ್ಟಿದೆ, ನಿನಗೆ ನಾಚಿಕೆಯಾಗಿದೆ. ಶೈಲಾನೂ ತಲೆ ಬಗ್ಗಿಸಿ ಹಿಟ್ಟು ನಾದುತ್ತ, “ಅತ್ತೀ, ಮುಂದ ನೀವ ಕೂಡ್ರಿ, ನನಗೇನ್ರಿ” ಎಂದುಬಿಟ್ಟಳು. ಹೆತ್ತವರು ಮುಂದೆ ಕೂಡಬೇಕೋ ಮಕ್ಕಳು ಮುಂದೆ ಕೂಡಬೇಕೋ ಎಂದು ಎಲ್ಲರೂ ತೀರ್ಮಾನ ಮಾಡಿಯಾಯಿತು, ನನ್ನನ್ನು ಯಾರೂ ಕೇಳಲಿಲ್ಲ.

ಜುಲೈಯಲ್ಲಿ ನಿನ್ನನ್ನು ದೆಹಲಿಯಲ್ಲಿ ಬಿಟ್ಟುಬರಲು ಹೋದೆವಲ್ಲ, ಆ ದಿನದ ಮಾತನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ವಿಮಾನ ನೆಲ ಬಿಟ್ಟಾಗ ನಾನು ರೇಣುವಿನ ಕೈ ಹಿಡಿದುಕೊಂಡೆ. ಅವಳಿಗೆ ಧೈರ್ಯ ಹೇಳಲು ಎಂದು ಅವಳು ತಿಳಿದುಕೊಂಡಳು. ನಮ್ಮ ಓಣಿ, ಜೈಲಿನ ಉದ್ದನೆಯ ಗೋಡೆ, ಕೆಂಪಗೆ ತುಂಬಿದ ನದಿ ಎಲ್ಲ ಕೆಳಗೆ ಸರಿದವು. ಆಮೇಲೆ ಮೋಡದೊಳಗೆ ಹೊಕ್ಕೆವು, ಏನೂ ಕಾಣಲಿಲ್ಲ. ಮೋಡ ದಾಟಿ ಮೇಲೆ ಬಂದರೆ ಕಣ್ಣು ಕುಕ್ಕುವ ಬಿಸಿಲು! ವಾರವಿಡೀ ಬಟ್ಟೆ ಒಣಗದೆ ನಾವು ಒದ್ದಾಡುತ್ತಿದ್ದಾಗ ಸೂರ್ಯ ಇಲ್ಲೇ ಹಾಯಾಗಿ ಇದ್ದನಲ್ಲ ಎಂದು ನನಗೆ ಸಿಟ್ಟೂ ಬಂತು, ಕೈ ಮುಗಿಯಬೇಕು ಎಂದೂ ಅನ್ನಿಸಿತು. ಮುಗಿದೆ. ಕಿಟಕಿಯ ಗಾಜಿಗೆ ಹಣೆ ತಾಗಿತು.

ಅಷ್ಟರಲ್ಲಿ ಊಟ ಬಂತು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಪಂಕ್ತಿಯಲ್ಲಿ ಕೊನೆಯವರಿಗೆ ಬಡಿಸುವ ತನಕ ಮೊದಲನೆಯವರು ತುತ್ತು ಎತ್ತುವುದಿಲ್ಲ. ಮನೆಯವರೆಲ್ಲ ಒಂದೇ ವಿಮಾನದಲ್ಲಿ ಕೂತ ಮೇಲೆ ನನ್ನ ಪಾಲಿಗೆ ಅದು ಒಂದೇ ಪಂಕ್ತಿ. ನಿಮಗಿಬ್ಬರಿಗೂ ಬಡಿಸಿದ್ದಾರೋ ಇಲ್ಲವೋ ತಿಳಿಯದೆ ಹೇಗೆ ಉಣ್ಣಲಿ? ರೇಣು “ಅಜ್ಜೀ, ಹಸಿವಿ ಆಗ್ಯದ” ಎಂದರೂ ಬಿಡಲಿಲ್ಲ, ತಡಿ ಎಂದೆ. ಗಗನಸಖಿ ಬಂದು ನನ್ನ ತಟ್ಟೆ ನೋಡಿ, ಹುಷಾರಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಮರಾಠಿಯಲ್ಲಿ ಮಗ-ಸೊಸೆಯ ಊಟದ ವಿಚಾರ ಹೇಳಿದೆ. ಅವಳಿಗೆ ಅರ್ಧ ತಿಳಿಯಿತೋ ಏನೋ, ವಾಂತಿಯ ಚೀಲ ತೆಗೆದು ಕೈಗಿತ್ತಳು. ಅದನ್ನು ಹಿಡಿದುಕೊಂಡೇ ಎದ್ದು ಮುಂದೆ ನಡೆದೆ. ಪರದೆಯ ಹತ್ತಿರ ತಡೆದಳು. ಆಮೇಲೆ ನನ್ನ ಬಿಳಿಗೂದಲು ನೋಡಿಯೋ ಏನೋ, ತಾನೇ ಪರದೆಯನ್ನು ಒಂದಿಷ್ಟು ಸರಿಸಿದಳು.

ಶೈಲಾ ನಿದ್ದೆ ಮಾಡುತ್ತಿದ್ದಳು. ನಿನ್ನ ಹೆಗಲ ಮೇಲೆ ತಲೆ, ಅರೆತೆರೆದ ಬಾಯಿ, ಸಣ್ಣ ಹುಡುಗಿಯ ಹಾಗೆ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡಿದ್ದಳು. ನಿನ್ನ ಮುಂದೆ ಊಟದ ತಟ್ಟೆ ಆರುತ್ತಿತ್ತು. ಕೈ ಎತ್ತಿದರೆ ಎಚ್ಚರಾದಾಳು ಎಂದು ನೀನು ಮಿಸುಕದೆ ಕೂತಿದ್ದೆ.

ಬಸೂ, ನಾನು ಪರದೆಯ ಅಂಚು ಹಿಡಿದು ಅಲ್ಲೇ ನಿಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನೀವಿಬ್ಬರೂ ನನ್ನ ಕಣ್ಣೆದುರು ಒಂದು ಚಾಪೆಯ ಮೇಲೆ ಕೂತವರಲ್ಲ. ನಾನು ಬಂದರೆ ಅವಳು ಎದ್ದು ನಿಲ್ಲುತ್ತಾಳೆ, ನೀನು ಕೂತರೆ ಒಳಗೆ ಹೋಗುತ್ತಾಳೆ. ಹಿರಿಯರಿರುವ ಮನೆ ಎಂದರೆ ಹೀಗೇ ಎಂದು ನಮ್ಮೆಲ್ಲರಿಗೂ ರೂಢಿ. ನಿಮ್ಮಪ್ಪನ ಪಕ್ಕದಲ್ಲಿ ನಾನು ಕೂತದ್ದು ಮದುವೆಯ ದಿನ. ಆಮೇಲೆ ಬಸ್ಸಿನಲ್ಲೂ ಅವರು ಗಂಡಸರ ಜೊತೆ, ನಾನು ಹೆಂಗಸರ ಸೀಟಿನಲ್ಲಿ. ಮಲಗಿದ ಹೆಂಡತಿಗಾಗಿ ಹೀಗೆ ಹಸಿದು ಕೂಡುವುದನ್ನು ನಿನಗೆ ಯಾರು ಕಲಿಸಿದರು? ನಾನಂತೂ ಅಲ್ಲ, ನಿಮ್ಮಪ್ಪನೂ ಅಲ್ಲ. ಮೋಡದ ಮೇಲಿನ ಬಿಸಿಲು ದೊಡ್ಡದೆಂದು ತಿಳಿದಿದ್ದೆ. ಇದನ್ನು ನೋಡಿದ ಮೇಲೆ ಅದು ಏನೂ ಅಲ್ಲ ಅನ್ನಿಸಿತು. ನನಗೆ ಎಷ್ಟು ಸಂತೋಷವಾಯಿತೆಂದು ಬರೆದು ತಿಳಿಸಲು ಬರುವುದಿಲ್ಲ.

ಸೀಟಿಗೆ ಬಂದು, ಪಪ್ಪಾ ಮಮ್ಮಿ ಊಟಕ್ಕೆ ಕೂತಿದ್ದಾರೆ ಎಂದು ರೇಣುವಿಗೆ ಸುಳ್ಳು ಹೇಳಿ ತುತ್ತು ಎತ್ತಿದೆ. ಮನೆಯವರು ಉಣ್ಣುವ ಮೊದಲೇ ಉಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತಟ್ಟೆಯಲ್ಲಿ ಏನೂ ಉಳಿಸಲಿಲ್ಲ, ರೇಣು ಬಿಟ್ಟ ಸಿಹಿಯನ್ನೂ ತಿಂದೆ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ಬಸವಣ್ಣ ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅವ್ವ,
ಶಿವಬಸವ್ವ

ತಾ. ಕ.: ಗೇಟಿನ ಸಪ್ಪಳವಾಯಿತು, ಶೈಲಾ ಬಂದಳು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸೀಟಿನ ಟಿಕೆಟಿನಿಂದ ಅವಳ ಹೆಸರು ತೆಗೆಸಬೇಡ. ನಾನು, ರೇಣು ಹಿಂದೆಯೇ ಕೂಡುತ್ತೇವೆ. ದೊಡ್ಡವ್ವನಿಗೆ ನಾನು ಉತ್ತರ ಕೊಡುತ್ತೇನೆ. ಶೈಲಾ ಕೇಳಿದರೆ, ಹೆಸರು ಬದಲಿಸಲು ಕಂಪನಿಯವರು ಒಪ್ಪಲಿಲ್ಲ ಅನ್ನು. ನನ್ನ ಸುದ್ದಿ ಮಾತ್ರ ಎತ್ತಬೇಡ. ಅತ್ತೆ ನೋಡಿದಳು ಎಂದು ಗೊತ್ತಾದರೆ ಅವಳು ಇನ್ನೊಮ್ಮೆ ನಿನ್ನ ಹೆಗಲ ಮೇಲೆ ನಿದ್ದೆ ಮಾಡಲಾರಳು.