ಬಾಯಾರಿಕೆಯ ಸಾಲಿಗೆ ನೀರು ಸುರಿದವಳು

ಮಾರ್ಚ್ ೧೧, ಗುರುವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಗಳು ಮೇಜಿನ ಮೇಲೆ ಹಾಗೇ ಕೂತಿವೆ. ಫೋನಿನಲ್ಲಿ ಕೇಳಿದಾಗಲೆಲ್ಲ ಕೆಲಸ ಜಾಸ್ತಿ ಅಂದೆ. ಕೆಲಸ ಇದ್ದದ್ದು ನಿಜ, ಕಾರಣ ಅದಲ್ಲ. ನಿನಗೆ ಬರೆಯಲು ಕೂತರೆ ನಾಚಿಕೆಯಾಗುತ್ತಿತ್ತು.

ಮೊದಲು ಸುದ್ದಿ. ಪಿಎಚ್.ಡಿ. ಪ್ರಬಂಧ ಒಪ್ಪಿಸಿಯಾಯಿತು, ಸೋಮವಾರ ಮೌಖಿಕ ಪರೀಕ್ಷೆ. ಗಿಡದ ನಾಡಿ ಹಿಡಿಯುವ ಡಾಕ್ಟರಮ್ಮ ಯಾವಾಗ ಬರುತ್ತಾಳೆ ಎಂದು ಭಾವ ದಿನಾ ಕೇಳುತ್ತಾರೆಂದು ಬರೆದಿದ್ದೀಯ. ಓದಿ ನಗು ಬರಲಿಲ್ಲ.

ನನ್ನ ಕೆಲಸವೇನು ಎಂದು ನೀನು ಕೇಳಿದಾಗ ದೊಡ್ಡ ಪಂಡಿತಳಂತೆ "ನಿಂಗೆ ಅರ್ಥವಾಗಲ್ಲ ಬಿಡು" ಅಂದಿದ್ದೆ. ಅರ್ಥವಾಗದಂಥದ್ದು ಏನೂ ಇಲ್ಲ. ಗಾಜಿನ ಮನೆಯಲ್ಲಿ ನೂರಿಪ್ಪತ್ತು ಕುಂಡ, ಎಲ್ಲದರಲ್ಲೂ ಮೆಕ್ಕೆಜೋಳ. ಅರ್ಧಕ್ಕೆ ಹೊಟ್ಟೆ ತುಂಬ ನೀರು, ಇನ್ನರ್ಧಕ್ಕೆ ಸಾಯದಿರುವಷ್ಟು ಮಾತ್ರ. ಅದು ಬಾಯಾರಿಕೆಯ ಸಾಲು. ನೀರು ಸಿಗದ ಗಿಡ ಎಲೆಯ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಹೇಗೆ ಬದುಕುತ್ತದೆ ಎಂದು ಅಳೆಯುವುದೇ ನನ್ನ ಸಂಶೋಧನೆ. ದಿನಾ ಆ ಸಾಲಿನ ಕುಂಡಗಳನ್ನು ತೂಗಿ, ಗೊತ್ತುಮಾಡಿದ ತೂಕಕ್ಕೆ ಎಷ್ಟು ಕಡಿಮೆಯೋ ಅಷ್ಟು ನೀರು ನಾನೇ ಹಾಕುತ್ತಿದ್ದೆ. ಇನ್ನೊಂದು ಸಾಲು ಕ್ಯಾನಮ್ಮನದು.

ಕ್ಯಾನಮ್ಮ ಅಲ್ಲಿನ ದಿನಗೂಲಿ. ಹದಿನೇಳು ವರ್ಷ ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ಓಡಾಡಿದ್ದಕ್ಕೆ ಆ ಹೆಸರು. "ನಿಮ್ ವಿದ್ಯೆಗೆ ಇವು ಉಪವಾಸ ಬೀಳ್ಬೇಕಾ ಮಗಾ" ಎಂದು ನನ್ನನ್ನು ಕಿಚಾಯಿಸುತ್ತಿದ್ದಳು. ಆದರೆ ಬೇಡ ಅಂದ ಕುಂಡಕ್ಕೆ ಒಂದು ಹನಿ ಹಾಕಿದವಳಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ನನ್ನ ಗೈಡ್ ಬಂದು ನೋಡಿದರೆ, ಸುರುಳಿ ಸುತ್ತಿಕೊಳ್ಳಬೇಕಿದ್ದ ಬಾಯಾರಿಕೆಯ ಸಾಲಿನ ಎಲೆಗಳು ಪಕ್ಕದ ಸಾಲಿನಂತೆಯೇ ಬಿಚ್ಚಿಕೊಂಡು ನಿಂತಿದ್ದವು. ಯಾರು ನೀರು ಹಾಕಿದ್ದು ಎಂದರು. ಕ್ಯಾನಮ್ಮನ ಕಡೆ ತಿರುಗಿ, ನಿನಗೆ ಕರುಣೆ ಜಾಸ್ತಿಯಲ್ಲವೇ ಎಂದರು. ಆಕೆ ಇಲ್ಲ ಅಂದಳು. ಗೈಡ್ ನನ್ನ ಮುಖ ನೋಡಿದರು.

"ಇರಬಹುದು ಸರ್" ಅಂದೆ.

ಅಷ್ಟೇ ಅಕ್ಕ. ಮರುದಿನದಿಂದ ಆಕೆ ಬರುವುದು ಬೇಡವೆಂದಾಯಿತು. ದಿನಗೂಲಿಯವಳನ್ನು ಹೊರಗೆ ಹಾಕಲು ವಿಚಾರಣೆ ಬೇಡ, ಒಂದು ಚೀಟಿಯೂ ಬೇಡ. ದಿನಗೂಲಿಗಳನ್ನು ಕಾಯಂ ಮಾಡಿ ಎಂದು ಹಿಂದೊಮ್ಮೆ ವಿಶ್ವವಿದ್ಯಾಲಯದ ಗೇಟಿನ ಮುಂದೆ ಗಂಟಲು ಹರಿಯುವಂತೆ ಕೂಗಿದ್ದವಳು ನಾನು. ನನ್ನ ಬ್ಯಾನರಿನ ಇನ್ನೊಂದು ತುದಿ ಹಿಡಿದಿದ್ದವಳು ಕ್ಯಾನಮ್ಮ. ಸಾವಿರ ಜನರ ನಡುವೆ ಇದ್ದ ಗಂಟಲು ಒಬ್ಬ ಗೈಡಿನ ಮುಂದೆ ಎಲ್ಲಿ ಹೋಯಿತು?

ಆಕೆ ಹೋದ ನಾಲ್ಕು ದಿನಕ್ಕೆ ತಪ್ಪು ಗೊತ್ತಾಯಿತು. ತೂಕದ ಯಂತ್ರಕ್ಕೆ ಮಣ್ಣು ತಾಗದಿರಲೆಂದು ಮೇಲೊಂದು ತಟ್ಟೆಯಿಟ್ಟು, ಅದರ ತೂಕ ಸೇರದಂತೆ ಸೊನ್ನೆ ಒತ್ತಿದ್ದೆ. ಒಂದು ದಿನ ತಟ್ಟೆ ಸೀಳಿಹೋಯಿತು, ಎಸೆದೆ. ಸೊನ್ನೆಯನ್ನು ಮತ್ತೆ ಒತ್ತಲಿಲ್ಲ. ಅಂದಿನಿಂದ ಪ್ರತಿ ಕುಂಡವೂ ಮುನ್ನೂರು ಗ್ರಾಂ ಕಡಿಮೆ ತೋರಿಸಿತು, ಕಡಿಮೆ ಕಂಡಷ್ಟೂ ನೀರು ಸುರಿದೆ. ಹನ್ನೊಂದು ದಿನ, ನನ್ನ ಕೈಯಾರೆ.

ಆಗಲಾದರೂ ಹೇಳಬಹುದಿತ್ತು. ಹೊಸ ಬೀಜ ಹಾಕಿ ಪ್ರಯೋಗವನ್ನು ಮತ್ತೆ ಮಾಡಿದೆ. "ಕೂಲಿಯಾಳಿನ ಹಸ್ತಕ್ಷೇಪದಿಂದ ಮೊದಲ ಪ್ರಯೋಗ ಕೆಟ್ಟಿತು" ಎಂದು ಪ್ರಬಂಧದ ನಲವತ್ತೆರಡನೆಯ ಪುಟದಲ್ಲಿ ಅಚ್ಚಾಗಿದೆ. ಆ ವಾಕ್ಯವನ್ನು ತಿದ್ದಿ ತಿದ್ದಿ ಚಂದ ಮಾಡಿದವಳೂ ನಾನೇ.

ಹೋದ ವಾರ ಆಕೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈಗ ಮೂರು ಮನೆಗಳ ನೆಲ ಒರೆಸುತ್ತಾಳಂತೆ, ಮಂಡಿ ಊದಿದೆ. ಬೈಯುತ್ತಾಳೆಂದು ಕಾದೆ. ಓದು ಮುಗಿಯಿತಾ ಎಂದು ಕೇಳಿದಳು. ಆಮೇಲೆ ಮೆಲ್ಲಗೆ, "ನಾನು ಹಾಕಿರ್ಲಿಲ್ಲ ಮಗಾ. ನೀನಾದ್ರೂ ನಂಬು" ಅಂದಳು. ತಲೆಯಾಡಿಸಿ ಎದುರಿಗೆ ಬಂದ ಬಸ್ಸು ಹತ್ತಿದೆ. ಅದು ನನ್ನ ಬಸ್ಸಾಗಿರಲಿಲ್ಲ.

ಸೋಮವಾರ ಪರೀಕ್ಷಕರ ಮುಂದೆ ಆ ಪುಟ ತೆರೆದು ಹೇಳುತ್ತೇನೆ. ಪದವಿ ಹೋದರೆ ಹೋಗಲಿ ಎಂದು ಬರೆಯಲು ಕೈ ಬರುತ್ತಿಲ್ಲ. ಅದು ಬೇಕು ನನಗೆ, ಆರು ವರ್ಷ ಸುರಿದಿದ್ದೇನೆ. ಆದರೂ ಹೇಳುತ್ತೇನೆ.

ಈ ಕಾಗದವನ್ನು ಭಾವನಿಂದ ಮುಚ್ಚಿಡಬೇಡ. ಮಕ್ಕಳಿಗೆ ಮುದ್ದು, ಅವರು ನೂರು ಕಾಲ ಚೆನ್ನಾಗಿರಲಿ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಬೈದಾದರೂ ಒಂದು ಸಾಲು ಬರೆ.

ನಿನ್ನ ತಂಗಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ತಪ್ಪು ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು ಅಂದೆನಲ್ಲ, ಅದು ಸುಳ್ಳು. ಗೈಡ್ ಬಂದ ದಿನ ಬೆಳಿಗ್ಗೆಯೇ ಖಾಲಿ ಯಂತ್ರ ಸೊನ್ನೆಗಿಂತ ಮುನ್ನೂರು ಕೆಳಗೆ ತೋರಿಸುತ್ತಿದ್ದುದನ್ನು ನೋಡಿದ್ದೆ. ಸದ್ದಿಲ್ಲದೆ ಗುಂಡಿ ಒತ್ತಿ ಸರಿಮಾಡಿದ್ದೆ. "ಇರಬಹುದು ಸರ್" ಅಂದಾಗ ನನಗೆ ಎಲ್ಲ ಗೊತ್ತಿತ್ತು, ಅಕ್ಕ. ಒಡಹುಟ್ಟಿದ ನಿನ್ನ ಮುಂದೆಯೇ ನಾಲ್ಕು ದಿನ ಕದ್ದವಳು ಸೋಮವಾರ ಅವರ ಮುಂದೆ ಎಷ್ಟು ಕದಿಯುತ್ತೇನೋ, ನನಗೇ ನನ್ನ ಮೇಲೆ ನಂಬಿಕೆಯಿಲ್ಲ.